ಇಟಲಿಯ ಮಕ್ಕಳಿಗೆ ಇಂಗ್ಲಿಷ್ ಬಯಾಲಜಿ: ಆಂಕಿ ಕಾರ್ಡುಗಳನ್ನು ಕೆಲವು ವರ್ಷ ಬಳಸಿದ ಮೇಲೆ

ಆಂಕಿ ಅಂದರೆ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡುಗಳನ್ನು ಮರೆಯದಂತೆ ಆಗಾಗ ಮತ್ತೆ ತೋರಿಸುವ ಆಪ್. ಅದನ್ನು ಹೇಗೆ ಇನ್‌ಸ್ಟಾಲ್ ಮಾಡಬೇಕು ಅನ್ನೋದನ್ನು ಇಲ್ಲಿ ವಿವರಿಸುವುದಿಲ್ಲ. ಈಗಾಗಲೇ ಗೊತ್ತಿರುವವರೇ ಜಾಸ್ತಿ. ನಾನು ಬರೆಯಲು ಹೊರಟಿರುವುದು ಅದರೊಳಗೆ ಹಾಕುವ ಕಾರ್ಡುಗಳ ಬಗ್ಗೆ. ಯಾಕೆಂದರೆ ಖುಷಿಯಾಗಿದ್ದೂ ಅಲ್ಲೇ, ಸಿಟ್ಟು ಬಂದದ್ದೂ ಅಲ್ಲೇ.

ನಾನಿರುವುದು ಪಾವಿಯಾದಲ್ಲಿ. ಮಿಲಾನ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ ದೂರ. ಸಂಜೆ ಹೊತ್ತು ಕೆಲವು ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಯಾಲಜಿ ಹೇಳಿಕೊಡುತ್ತೇನೆ. ಎಲ್ಲರೂ ಇಟಾಲಿಯನ್ ಮನೆಮಾತಿನವರು. ಐಮ್ಯಾಟ್ ಬರೆಯುವವರು. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷಿನಲ್ಲಿ ಮೆಡಿಕಲ್ ಓದಬೇಕಾದರೆ ಈ ಪರೀಕ್ಷೆ ಬರೆಯಬೇಕು. ನಮ್ಮ ಕಡೆಯ ಮಕ್ಕಳೂ ಬರೆಯುತ್ತಾರೆ, ಹಾಗಾಗಿ ಹೆಸರು ಕೇಳಿರುತ್ತೀರಿ. 100 ನಿಮಿಷ, 60 ಪ್ರಶ್ನೆ. ಅದರಲ್ಲಿ 23 ಬಯಾಲಜಿಯವು. ಸರಿಯುತ್ತರಕ್ಕೆ 1.5 ಅಂಕ, ತಪ್ಪಾದರೆ 0.4 ಕಡಿತ. ಪಾಠ ಚೆನ್ನಾಗಿ ಗೊತ್ತಿದ್ದೂ ಪ್ರಶ್ನೆಯ ಒಂದು ಪದ ಅರ್ಥವಾಗದೆ ಅಂಕ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕಾರ್ಡು ಶುರು ಮಾಡಿದ್ದು.

ದಿನದ ಬಳಕೆಯಲ್ಲಿ ಆಂಕಿ ನನಗೆ ತುಂಬಾ ಹಿಡಿಸಿದೆ. ಬೆಳಿಗ್ಗೆ ಮೋಕಾ ಪಾತ್ರೆಗೆ ನೀರು, ಪುಡಿ ಹಾಕಿ ಒಲೆಯ ಮೇಲಿಟ್ಟು ಲ್ಯಾಪ್‌ಟಾಪ್ ತೆರೆಯುತ್ತೇನೆ. ಕಾಫಿ ಗೊರಗೊರ ಅಂತ ಮೇಲೇರುವಷ್ಟರಲ್ಲಿ, ಹಿಂದಿನ ರಾತ್ರಿ ಮಾಡಿದ ಹೊಸ ಕಾರ್ಡುಗಳನ್ನು ನಾನೇ ಒಂದು ಸಲ ಆಡಿಸಿ ನೋಡುತ್ತೇನೆ. ಸ್ಪೇಸ್ ಒತ್ತಿದರೆ ಉತ್ತರ. ಆಮೇಲೆ ಎಷ್ಟು ಸುಲಭವಾಗಿ ನೆನಪಾಯಿತು ಅಂತ ತಿಳಿಸಲು ಒಂದರಿಂದ ನಾಲ್ಕರವರೆಗಿನ ಯಾವುದೋ ಒಂದು ಕೀ. ನಾಲ್ಕು ಅಂದರೆ "ಈಸಿ". ಕೆಳಗೆ ಮೂರು ಅಂಕಿಗಳಿರುತ್ತವೆ. ಹೊಸದು ನೀಲಿ, ಕಲಿಯುತ್ತಿರುವುದು ಕೆಂಪು, ಮತ್ತೆ ನೋಡಬೇಕಾದದ್ದು ಹಸಿರು. ಆ ಹಸಿರು ಅಂಕಿ ಇಳಿಯುತ್ತಾ ಇಳಿಯುತ್ತಾ ಸೊನ್ನೆಯಾಗುವುದನ್ನು ನೋಡುವುದೇ ಒಂದು ಸುಖ. ಮಕ್ಕಳು ಸ್ಕೂಲಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡೇ ಮಾಡಿ ಮುಗಿಸುತ್ತಾರೆ. ಸಂಜೆ ಬಂದವರು ಬ್ಯಾಗ್ ಇಳಿಸುವ ಮೊದಲೇ "ಪ್ರೋಫ್, ಇವತ್ತಿನದು ಆಯ್ತು" ಅನ್ನುತ್ತಾರೆ. ಇಲ್ಲಿ ಟೀಚರ್‌ಗಳನ್ನೆಲ್ಲ ಹಾಗೇ ಕರೆಯುವುದು.

ಇನ್ನು ಸಿಟ್ಟಿನ ವಿಷಯ. ಕೋಚಿಂಗ್ ನಡೆಸುವವರೊಬ್ಬರು ಮಾರುವ ರೆಡಿಮೇಡ್ ಡೆಕ್ (ಕಾರ್ಡುಗಳ ಕಟ್ಟು) ಒಂದನ್ನು ನನ್ನ ಬಳಿ ಬರುವ ಹುಡುಗಿಯೊಬ್ಬಳ ಮನೆಯವರು ದುಡ್ಡು ಕೊಟ್ಟು ಕೊಂಡಿದ್ದರು. ನೋಡಲು ಚೆಂದ. ಬಣ್ಣ ಬಣ್ಣದ ಚಿತ್ರ, ಉಚ್ಚಾರಣೆಯ ಆಡಿಯೋ, ಎಲ್ಲ ಇತ್ತು. ಒಳಗೆ ಏನಿತ್ತು ಗೊತ್ತಾ? ಮೈಟೊಕಾಂಡ್ರಿಯಾನ್, ಕ್ಲೋರೋಪ್ಲಾಸ್ಟ್, ಫೋಟೋಸಿಂಥಸಿಸ್, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಪುಟಗಟ್ಟಲೆ ಇಂಥವೇ. ಇಟಲಿಯ ಮಗುವಿಗೆ ಇವು ಯಾವುವೂ ಹೊಸವಲ್ಲ. ಮಿತೊಕೊಂದ್ರಿಯೊ, ಕ್ಲೊರೊಪ್ಲಾಸ್ತೊ, ಫೊತೊಸಿಂತೆಸಿ ಅಂತ ಅವರು ಶಾಲೆಯಲ್ಲೇ ಓದಿರುತ್ತಾರೆ. ಗ್ರೀಕ್, ಲ್ಯಾಟಿನ್‌ನಿಂದ ಬಂದ ಪದಗಳು ಎರಡೂ ಭಾಷೆಗಳಲ್ಲಿ ಹೆಚ್ಚು ಕಡಿಮೆ ಒಂದೇ ರೂಪದಲ್ಲಿವೆ. ಕೋಶದೊಳಗಿನ ಗಾಲ್ಜಿ ಅಪರೇಟಸ್‌ಗೂ ಒಂದು ಕಾರ್ಡಿತ್ತು! ಕಮಿಲ್ಲೊ ಗಾಲ್ಜಿ ಅದನ್ನು 1898ರಲ್ಲಿ ವಿವರಿಸಿದ್ದು ಇದೇ ಪಾವಿಯಾದಲ್ಲಿ. 1906ರಲ್ಲಿ ನೊಬೆಲ್ ಪಡೆದವರು. ಈ ಊರಿನ ಮಕ್ಕಳಿಗೆ ಆ ಹೆಸರನ್ನು ಯಾರೂ ಹೇಳಿಕೊಡಬೇಕಿಲ್ಲ.

ಹುಡುಗಿ ಪಾಪ ದಿನಾ ಅವನ್ನೇ ತಿರುವುತ್ತಿದ್ದಳು. ಎಲ್ಲಕ್ಕೂ "ಈಸಿ" ಒತ್ತುತ್ತಿದ್ದಳು. ತಾನು ತುಂಬಾ ಓದುತ್ತಿದ್ದೇನೆ ಅಂದುಕೊಂಡಿದ್ದಳು. ಆಮೇಲೆ ಒಂದು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿದೆ. ಎಲ್ಲಿ ತಡವರಿಸಿದಳು ನೋಡಿ: ಲಿವರ್, ಕಿಡ್ನಿ, ಸ್ಪ್ಲೀನ್, ಗಟ್, ಯೀಸ್ಟ್, ಗಿಲ್, ಯೋಕ್, ಆಫ್‌ಸ್ಪ್ರಿಂಗ್. ಎಲ್ಲ ಪುಟ್ಟ ಪುಟ್ಟ ಪದಗಳು. ಆ ಡೆಕ್ಕಿನಲ್ಲಿ ಇವು ಒಂದೂ ಇರಲಿಲ್ಲ. ಇಷ್ಟು ಸುಲಭದ್ದು ಎಲ್ಲರಿಗೂ ಗೊತ್ತಿರುತ್ತೆ ಅಂತ ಬಿಟ್ಟಿರಬೇಕು.

ಆದರೆ ಇಟಾಲಿಯನ್ನರಿಗೆ ಇವೇ ಕಷ್ಟ. ಇಂಗ್ಲಿಷಿನ ಮನೆಬಳಕೆಯ ಪದಗಳಲ್ಲಿ ಬಹಳಷ್ಟು ಜರ್ಮಾನಿಕ್ ಮೂಲದವು. ವಿಜ್ಞಾನದ ಪದಗಳು ಗ್ರೀಕ್, ಲ್ಯಾಟಿನ್ ಮೂಲದವು. ಹಾಗಾಗಿ "ರೀನಲ್ ಆರ್ಟರಿ" (ಕಿಡ್ನಿಯ ರಕ್ತನಾಳ) ಅಂದರೆ ಹುಡುಗಿಗೆ ತಕ್ಷಣ ಗೊತ್ತಾಗುತ್ತದೆ, ಅವಳ ಭಾಷೆಯಲ್ಲೂ ಅದು ರೆನಾಲೆ. "ಕಿಡ್ನಿ" ಅಂದರೆ ಗೊತ್ತಾಗುವುದಿಲ್ಲ. "ಹೆಪಾಟಿಕ್" (ಲಿವರಿಗೆ ಸಂಬಂಧಿಸಿದ್ದು) ಗೊತ್ತು, ಲಿವರ್ ಗೊತ್ತಿಲ್ಲ, ಯಾಕೆಂದರೆ ಅವರಿಗೆ ಅದು ಫೆಗಾತೊ. ಕನ್ನಡದವರಿಗೆ ಇದನ್ನು ನಂಬುವುದೇ ಕಷ್ಟ. ನಮ್ಮೂರಲ್ಲಿ ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ "ಕಿಡ್ನಿ ಸ್ಟೋನ್ ಆಗೈತಂತೆ" ಅಂತಾಳೆ ಅಲ್ವಾ? ಇಲ್ಲಿ ಡಾಕ್ಟರಾಗಲು ಹೊರಟ ಮಗುವಿಗೆ ಆ ಪದವನ್ನು ಕಾರ್ಡು ಮಾಡಿ ಕಲಿಸಬೇಕು.

ಮಾರುವವರು ಯಾರಿಗೆ ಮಾರುತ್ತಿದ್ದೇವೆ ಅಂತ ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಆ ದುಡ್ಡಿನಲ್ಲಿ ಒಳ್ಳೆಯ ಪುಸ್ತಕಗಳೇ ಬರುತ್ತಿದ್ದವು. ಆ ಮನೆಯಲ್ಲಿ ದುಡ್ಡು ಸುಲಭಕ್ಕೆ ಬರುವುದಲ್ಲ, ಅದಕ್ಕೇ ಇನ್ನೂ ಬೇಜಾರು.

ಆಮೇಲೆ ನಾವೇ ಕಾರ್ಡು ಮಾಡಲು ಕೂತೆವು. ಆಂಕಿಯ ನಿಜವಾದ ಬೆಲೆ ಗೊತ್ತಾಗಿದ್ದು ಆಗಲೇ. ಅದರಲ್ಲಿ ಚಿತ್ರದ ಮೇಲೆ ಚೌಕ ಎಳೆದು ಹೆಸರುಗಳನ್ನು ಮುಚ್ಚಿಡುವ ಸೌಲಭ್ಯವಿದೆ. 2023ರ ಕೊನೆಯಿಂದ ಅದಕ್ಕೆ ಬೇರೆ ಆಡ್-ಆನ್ ಬೇಡ, ಆಪ್‌ನಲ್ಲೇ ಬರುತ್ತದೆ. ಹೊಟ್ಟೆಯ ಒಂದು ಚಿತ್ರ ಹಾಕಿದೆವು. ಲಿವರ್, ಸ್ಪ್ಲೀನ್, ಗಾಲ್‌ಬ್ಲಾಡರ್, ಬವಲ್ ಎಲ್ಲದರ ಮೇಲೂ ಚೌಕ ಎಳೆದೆವು. ಚಿತ್ರ ನೋಡಿದರೆ ಇಂಗ್ಲಿಷ್ ಪದ ಬಾಯಿಗೆ ಬರಬೇಕು. ಮಧ್ಯೆ ಇಟಾಲಿಯನ್ ಬರುವಂತಿಲ್ಲ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಸರಾಸರಿ ಎರಡು ನಿಮಿಷವೂ ಸಿಗುವುದಿಲ್ಲ. ಮನಸ್ಸಿನಲ್ಲಿ ಅನುವಾದ ಮಾಡುತ್ತಾ ಕೂರುವುದಕ್ಕೆ ಆಗುತ್ತದಾ?

ಒಂದೇ ಇಟಾಲಿಯನ್ ಪದಕ್ಕೆ ಎರಡು ಇಂಗ್ಲಿಷ್ ಪದಗಳಿರುವ ಕಡೆ ಬೇರೆ ಥರದ ಕಾರ್ಡು ಬೇಕಾಯಿತು. ಮಿದೊಲ್ಲೊ ಅನ್ನುವುದೊಂದು ಪದ. ಮೂಳೆಯೊಳಗಿನ ಮಜ್ಜೆಗೂ ಅದೇ, ಬೆನ್ನುಹುರಿಗೂ ಅದೇ. ಇಂಗ್ಲಿಷಿನಲ್ಲಿ ಒಂದು ಬೋನ್ ಮ್ಯಾರೋ, ಇನ್ನೊಂದು ಸ್ಪೈನಲ್ ಕಾರ್ಡ್. ರಕ್ತಕಣ ಎಲ್ಲಿ ತಯಾರಾಗುತ್ತದೆ ಅನ್ನುವ ಪ್ರಶ್ನೆಯಲ್ಲಿ ಎರಡೂ ಆಯ್ಕೆಗಳಿದ್ದರೆ ಮುಗಿಯಿತು. ಇದರ ಉಲ್ಟಾ ಕೂಡ ಇದೆ. ಇಂಗ್ಲಿಷಿನ "ಸ್ಟೆಮ್" ಗಿಡದ ಕಾಂಡವೂ ಹೌದು, ಸ್ಟೆಮ್ ಸೆಲ್‌ನಲ್ಲಿರುವ ಸ್ಟೆಮ್ಮೂ ಹೌದು. ಇವರಿಗೆ ಕಾಂಡ ಫೂಸ್ತೊ, ಆ ಕೋಶ ಸ್ತಾಮಿನಾಲೆ. ಇಂಥ ಕಡೆ ಬರೀ ಪದ ಹಾಕಿದರೆ ಸಾಲದು. ಪೂರ್ತಿ ವಾಕ್ಯ ಬರೆದು, ಬೇಕಾದ ಪದದ ಜಾಗ ಖಾಲಿ ಬಿಡುವ ಕ್ಲೋಜ್ ಕಾರ್ಡು ಮಾಡಿದೆವು.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಜೆನೆಟಿಕ್ಸ್ ಕಾರ್ಡುಗಳು. ವಂಶವೃಕ್ಷದ ಲೆಕ್ಕಗಳಿರುತ್ತವಲ್ಲ, ಯಾರಿಗೆ ರೋಗ ಇದೆ, ಯಾರು ಕ್ಯಾರಿಯರ್ (ತನಗೆ ರೋಗ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವರು) ಅಂತ. ಕ್ಯಾರಿಯರ್ ವಿಷಯ ಈ ಮಕ್ಕಳಿಗೆ ಚೆನ್ನಾಗಿ ಗೊತ್ತು. ಸಾರ್ಡಿನಿಯಾ, ಪೋ ನದಿಯ ಮುಖಜಭೂಮಿಯ ಕಡೆ ಥಲಸೀಮಿಯಾ ಅನ್ನುವ ಆನುವಂಶಿಕ ರಕ್ತದ ಕಾಯಿಲೆ ಜಾಸ್ತಿ ಇದ್ದದ್ದರಿಂದ "ಪೊರ್ತಾತೋರೆ ಸಾನೊ" (ಆರೋಗ್ಯವಂತ ಕ್ಯಾರಿಯರ್) ಅನ್ನುವ ಮಾತು ಮನೆಗಳಲ್ಲೂ ಕೇಳಿಬರುತ್ತದೆ. ತೊಂದರೆ ಇರುವುದು ನೆಂಟಸ್ತಿಕೆಯ ಪದಗಳಲ್ಲಿ. ಇಟಾಲಿಯನ್‌ನಲ್ಲಿ ನಿಪೋತೆ ಅಂದರೆ ಮೊಮ್ಮಗನೂ ಆಗಬಹುದು, ಅಣ್ಣನ ಮಗನೂ ಆಗಬಹುದು, ಅಕ್ಕನ ಮಗಳೂ ಆಗಬಹುದು. ವಂಶವೃಕ್ಷದಲ್ಲಿ ಮೊಮ್ಮಗ ಒಂದು ಕಡೆ, ಅಣ್ಣನ ಮಗ ಇನ್ನೊಂದು ಕಡೆ. ಪ್ರಶ್ನೆಯಲ್ಲಿ "ನೆಫ್ಯೂ" ಅಂತ ಇದ್ದರೆ ಹುಡುಗರು ಮೊಮ್ಮಗನ ಚೌಕಕ್ಕೆ ಬೆರಳಿಡುತ್ತಾರೆ. ಲೆಕ್ಕ ಪೂರ್ತಿ ತಪ್ಪುತ್ತದೆ. ಸಿಬ್ಲಿಂಗ್ ಅನ್ನುವುದಕ್ಕೂ ಅವರ ಹತ್ತಿರ ಮನೆಮಾತಿನ ಪದ ಇಲ್ಲ. ಅಣ್ಣತಮ್ಮಂದಿರಿಗೆ ಹೇಳುವ ಫ್ರತೆಲ್ಲಿಯನ್ನೇ ಅಕ್ಕತಂಗಿಯರನ್ನೂ ಸೇರಿಸಿಕೊಂಡು ಹೇಳುತ್ತಾರೆ.

ನಾನು ಬೋರ್ಡಿನ ಮೇಲೆ ನಮ್ಮನೆಯ ವಂಶವೃಕ್ಷ ಬರೆದು ಕನ್ನಡದ ಪದ ಹೇಳುತ್ತಾ ಹೋದೆ. ಅಣ್ಣ, ತಮ್ಮ, ಅಕ್ಕ, ತಂಗಿ, ಸೋದರಮಾವ, ಚಿಕ್ಕಪ್ಪ, ಒಡಹುಟ್ಟಿದವರು, ಮೊಮ್ಮಗ. ಮಕ್ಕಳು ಕಣ್ಣರಳಿಸಿ ಕೇಳಿದರು. ಒಬ್ಬ ಹುಡುಗನಂತೂ ಅಮ್ಮನ ತಮ್ಮನಿಗೂ ಅಪ್ಪನ ತಮ್ಮನಿಗೂ ಬೇರೆ ಬೇರೆ ಪದ ಇದೆ ಅಂತ ತಿಳಿದು, ಎಕ್ಸ್-ಲಿಂಕ್ಡ್ (ಎಕ್ಸ್ ಕ್ರೋಮೋಸೋಮ್ ಮೂಲಕ ಬರುವ) ಕಾಯಿಲೆಯ ಲೆಕ್ಕಕ್ಕೆ ಇದು ಎಷ್ಟು ಅನುಕೂಲ ಅಂತ ತಾನೇ ಹೇಳಿದ. ನಿಜ ಅಲ್ವಾ? ಹುಡುಗರಿಗೆ ಎಕ್ಸ್ ಬರುವುದು ಅಮ್ಮನಿಂದ ಮಾತ್ರ. ಹಾಗಾಗಿ ಸೋದರಮಾವನಿಗೆ ಇದ್ದದ್ದು ಸೋದರಳಿಯನಿಗೆ ಬರಬಹುದು, ಚಿಕ್ಕಪ್ಪನ ಕಡೆಯಿಂದ ಆ ದಾರಿಯೇ ಇಲ್ಲ. ಆ ಸಂಜೆ ಮಾಡಿದ ಕಾರ್ಡುಗಳನ್ನು ಅವರು ಮರೆತದ್ದು ತೀರಾ ಕಡಿಮೆ.

ಆಪ್‌ನ ಕೊರತೆ ಅಂದರೆ ರಜೆ. ಆಗಸ್ಟ್‌ನಲ್ಲಿ ಇಲ್ಲಿ ಎಲ್ಲರೂ ಸಮುದ್ರದ ಕಡೆ ಹೊರಡುತ್ತಾರೆ. ಬಿಟ್ಟ ದಿನಗಳ ಕಾರ್ಡುಗಳು ಕಾಯುತ್ತಾ ಕೂತಿರುತ್ತವೆ. ತೆರೆದು ನೋಡಿದರೆ ನೂರಾರು. ಸೆಪ್ಟೆಂಬರ್‌ನಲ್ಲಿ ಪರೀಕ್ಷೆ. ಆ ಅಂಕಿ ನೋಡಿಯೇ ಮಕ್ಕಳಿಗೆ ಎದೆ ಝಲ್ ಅನ್ನುತ್ತದೆ, ಕೆಲವರು ಆಪ್ ತೆರೆಯುವುದನ್ನೇ ಬಿಡುತ್ತಾರೆ. ದಿನಕ್ಕೆ ಹೊಸದು 20, ಹಳೆಯದು 200 ಅನ್ನುವ ಮಿತಿ ಮೊದಲೇ ಇರುತ್ತದೆ. ಶಾಲೆಗೆ ಹೋಗುವ ಮಗುವಿಗೆ ಅದು ಜಾಸ್ತಿಯೇ. ನಾನು ಶುರುವಿನಲ್ಲೇ ಎರಡನ್ನೂ ಇಳಿಸಿಬಿಡುತ್ತೇನೆ. ಜುಲೈ ಬಂದ ಮೇಲೆ ಹೊಸ ಕಾರ್ಡು ಪೂರ್ತಿ ನಿಲ್ಲಿಸುತ್ತೇನೆ. ಹೀಗೆ ಮಾಡಿದರೆ ರಜೆ ಮುಗಿಸಿ ಬಂದವರು ಒಂದು ವಾರದಲ್ಲಿ ದಾರಿಗೆ ಬರುತ್ತಾರೆ.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್‌ನಲ್ಲಿ ಪೂರ್ತಿ ಉಚಿತ. ಐಫೋನಿನ ಆಪ್‌ಗೆ ಒಂದೇ ಸಲ 25 ಡಾಲರ್ ಹತ್ತಿರ ಕೊಡಬೇಕು. ಐಫೋನ್ ಇರುವ ಮಕ್ಕಳಿಗೆ ಬ್ರೌಸರ್‌ನಲ್ಲಿ ಆಂಕಿವೆಬ್ ತೆರೆಯಲು ಹೇಳುತ್ತೇನೆ. ಅದಕ್ಕೆ ದುಡ್ಡಿಲ್ಲ. ರೈಲು ಹೋಗುವಾಗ ನೆಟ್‌ವರ್ಕ್ ಹೋದರೆ ಮಾತ್ರ ಸುಮ್ನೆ ಕೂರಬೇಕು.

ಕರ್ನಾಟಕದಿಂದ ಐಮ್ಯಾಟ್‌ಗೆ ಓದುವ ಮಕ್ಕಳ ಅಪ್ಪ ಅಮ್ಮಂದಿರು ಕೆಲವರು ನನ್ನ ಡೆಕ್ ಕೇಳುತ್ತಾರೆ. ಕೊಡುವುದಕ್ಕೆ ಬೇಜಾರಿಲ್ಲ, ಆದರೆ ನಿಮ್ಮ ಮಕ್ಕಳಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನನ್ನ ಅಕ್ಕನ ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್. ಅವಳಿಗೆ ಲಿವರ್, ಕಿಡ್ನಿ ಚಿಕ್ಕಂದಿನಿಂದ ಗೊತ್ತು. ಅವಳು ಒದ್ದಾಡುವುದು ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥಸಿಸ್ ಆದಾಗ, ಪತ್ರಹರಿತ್ತು ಹೋಗಿ ಕ್ಲೋರೋಫಿಲ್ ಆದಾಗ. ಇಲ್ಲಿನ ಮಕ್ಕಳು "ಈಸಿ" ಒತ್ತಿ ಮುಂದೆ ಹೋಗುವ ಕಾರ್ಡುಗಳೇ ಅವಳಿಗೆ ಬೇಕು. ಅವಳಿಗೆ ಬೇರೆ ಡೆಕ್ ಶುರು ಮಾಡಿದ್ದೇನೆ. ಪಠ್ಯಪುಸ್ತಕದ ಒಂದೊಂದು ಅಧ್ಯಾಯ ಓದಿ, ಎಡವಿದ ಪದಗಳನ್ನಷ್ಟೇ ಫೋಟೋ ತೆಗೆದು ಕಳಿಸುತ್ತಾಳೆ. ಭಾನುವಾರ ಕೂತು ಅವುಗಳಿಗೆ ಕಾರ್ಡು ಮಾಡುತ್ತೇನೆ. ನೀವೂ ನಿಮ್ಮ ಮಕ್ಕಳ ಕೈಯಲ್ಲಿ ಅಂಥದ್ದೊಂದು ಪಟ್ಟಿ ಮಾಡಿಸಿ, ರೆಡಿಮೇಡ್ ಡೆಕ್ಕಿಗೆ ದುಡ್ಡು ಹಾಕಬೇಡಿ.