‘ಅಮೋನಿಯಾ ಇಲ್ಲ’ ಎಂಬ ಹೇರ್ ಡೈ: ವರ್ಷಗಟ್ಟಲೆ ಹಚ್ಚಿದವರ ಅನುಭವ

ಬಣ್ಣದ ವಿಷಯ ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ದೂರೇ ಇಲ್ಲ. ಸಣ್ಣ ಸ್ಯಾಶೆ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕ್ರೀಮು, ಡೆವಲಪರ್ ಎರಡನ್ನೂ ಸಮಸಮ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದರೆ ಆಯಿತು. ಮೂಗಿಗೆ ಹೊಡೆಯುವ ವಾಸನೆ ಇಲ್ಲ. ಮೂರು ವಾರ ಕಿವಿ ಪಕ್ಕದ ಬಿಳಿ ಇಣುಕುವುದಿಲ್ಲ. ಬಣ್ಣಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್ ಧಾರಾಳವಾಗಿ ಕೊಡಬಹುದು.

ನನ್ನ ತಕರಾರು ಪ್ಯಾಕೆಟ್ಟಿನ ಮೇಲೆ. ಬ್ರ್ಯಾಂಡಿನ ಹೆಸರು ಬೇಡ, ಇಂಥ ಬಹಳಷ್ಟು ಪ್ಯಾಕೆಟ್ಟುಗಳ ಕತೆ ಹೀಗೇ ಇದೆ. ಮುಂದೆ ದೊಡ್ಡದಾಗಿ ‘ಅಮೋನಿಯಾ ಇಲ್ಲ’ ಅಂತ ಬರೆದಿರುತ್ತಾರೆ. ಪಕ್ಕದಲ್ಲಿ ಬಾದಾಮಿ, ಲೋಳೆಸರದ ಚಿತ್ರ. ಕೆಟ್ಟದ್ದನ್ನೆಲ್ಲ ತೆಗೆದುಬಿಟ್ಟಿದ್ದಾರೆ ಅನ್ನಿಸುತ್ತೆ, ಅಲ್ವಾ? ಅಮೋನಿಯಾದ ಕೆಲಸ ಕೂದಲಿನ ಹೊರಪದರ ಸಡಿಲಿಸಿ ಬಣ್ಣಕ್ಕೆ ದಾರಿ ಮಾಡಿಕೊಡುವುದು. ಅದನ್ನು ತೆಗೆದ ಕಡೆ ಸಾಮಾನ್ಯವಾಗಿ ಎಥನಾಲಮೀನ್ ಬಂದು ಕೂರುತ್ತದೆ. ಅದು ಅಷ್ಟು ಬೇಗ ಆವಿಯಾಗುವುದಿಲ್ಲ, ಹಾಗಾಗಿ ವಾಸನೆ ಕಡಿಮೆ. ಆದರೆ ಹೇರ್ ಡೈ ಅಲರ್ಜಿಯಲ್ಲಿ ದೊಡ್ಡ ಆರೋಪಿ ಇವೆರಡೂ ಅಲ್ಲ, ಪಿಪಿಡಿ. ಪೂರ್ತಿ ಹೆಸರು ಪ್ಯಾರಾ-ಫಿನೈಲೀನ್‌ಡೈಅಮೀನ್. ಅದು ಹಿಂದುಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ.

ಪಿಪಿಡಿ ಡೆವಲಪರ್‌ನಲ್ಲಿರುವ ಪೆರಾಕ್ಸೈಡ್ ಜೊತೆ ಸೇರಿ, ಕೂದಲಿನೊಳಗೇ ದೊಡ್ಡ ಬಣ್ಣದ ಕಣವಾಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಎಷ್ಟು ತೊಳೆದರೂ ಹೋಗುವುದಿಲ್ಲ. ಈ ಕೆಲಸ ಮುಗಿಯುವ ಮೊದಲು ಒಂದಿಷ್ಟು ಚರ್ಮಕ್ಕೂ ಇಳಿಯುತ್ತದೆ. ದೇಹ ಅದನ್ನು ಒಮ್ಮೆ ಶತ್ರು ಅಂತ ಗುರುತಿಟ್ಟುಕೊಂಡರೆ ಮುಂದೆ ಹಚ್ಚಿದಾಗಲೆಲ್ಲ ಜಗಳ. ಹಾಗೆ ಗುರುತಿಡಲು ವರ್ಷಗಳೇ ಹಿಡಿಯಬಹುದು. ಆದ್ದರಿಂದ ‘ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2006ರಲ್ಲಿ ಪಿಪಿಡಿಯನ್ನೇ ‘ವರ್ಷದ ಅಲರ್ಜಿಕಾರಕ’ ಅಂತ ಆರಿಸಿತ್ತು. ಬೇಡದ ಬಿರುದು.

ನನಗೆ ಹಚ್ಚಿದ ದಿನ ಏನೂ ಆಗಲಿಲ್ಲ. ಮರುದಿನ ಕಿವಿ ಹಿಂದೆ ತುರಿಕೆ. ಅದರ ಮಾರನೇ ದಿನ ಕಣ್ಣಿನ ರೆಪ್ಪೆ ಊದಿ, ಹಣೆಯಂಚಿನಲ್ಲಿ ನೀರುಗುಳ್ಳೆ. ತಡವಾಗಿ ಬರುವುದೇ ಇದರ ಗುಣ, ಅದಕ್ಕೇ ಮನೆಯಲ್ಲಿ ಎಲ್ಲರ ಅನುಮಾನ ಬದನೆಕಾಯಿ ಮೇಲೆ ಹೋಗಿತ್ತು. ಚರ್ಮದ ಡಾಕ್ಟರು ಬೆನ್ನಿಗೆ ಪ್ಯಾಚ್ ಅಂಟಿಸಿ ಎರಡು ದಿನ ಬಿಟ್ಟು ತೆಗೆದರು. ಪಿಪಿಡಿ ಇದ್ದ ಜಾಗ ಕೆಂಪಗೆ ದಪ್ಪಗಾಗಿತ್ತು. ಬೆಂಜೋಕೇನ್ ಇರುವ ಮರಗಟ್ಟಿಸುವ ಮುಲಾಮುಗಳ ಬಗ್ಗೆಯೂ ಇನ್ನು ಹುಷಾರಾಗಿರಿ ಎಂದರು. ಪಿಪಿಡಿ ಒಗ್ಗದ ಕೆಲವರಿಗೆ ಅದೂ ಒಗ್ಗುವುದಿಲ್ಲವಂತೆ.

ನಮ್ಮ ಕಾನೂನಿನ ಪ್ರಕಾರ ಇಂಥ ಡೈ ಮೇಲೆ ಎಚ್ಚರಿಕೆ ಇರಲೇಬೇಕು: ಚರ್ಮ ಉರಿಯಬಹುದು, ಮೊದಲು ಪರೀಕ್ಷೆ ಮಾಡಿ ನೋಡಿ, ಹುಬ್ಬಿಗೂ ರೆಪ್ಪೆಗೂ ಹಚ್ಚಬೇಡಿ, ಕುರುಡುತನ ಬರಬಹುದು. ಅದೂ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ. ನನ್ನ ಸ್ಯಾಶೆಯಲ್ಲಿ ಕನ್ನಡ ಹುಡುಕಿದೆ, ಸಿಗಲಿಲ್ಲ. ಸಲೂನಿನಲ್ಲಿ ಮೀಸೆಗೆ ಹಚ್ಚಿ ಉಳಿದದ್ದನ್ನು ಹುಬ್ಬಿಗೂ ಎಳೆಯುವವರಿಗೆ ಇದನ್ನು ಓದಿ ಹೇಳುವವರು ಯಾರು? ಲೇಬಲ್ಲಿಗೆ ಒಂದೇ ಸ್ಟಾರ್.

ಕ್ಯಾನ್ಸರ್ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಹೌದು-ಅಲ್ಲ ಎಂಬಷ್ಟು ಸುಲಭವಿಲ್ಲ. ಅಮೆರಿಕದಲ್ಲಿ 46,709 ಮಹಿಳೆಯರನ್ನು ಗಮನಿಸಿದ 2019ರ ಅಧ್ಯಯನದಲ್ಲಿ, ಶಾಶ್ವತ ಬಣ್ಣ ಹಚ್ಚುವವರಲ್ಲಿ ಸ್ತನ ಕ್ಯಾನ್ಸರ್ ಶೇ. 9ರಷ್ಟು ಜಾಸ್ತಿ ಕಂಡಿತು. ಕಪ್ಪು ಮಹಿಳೆಯರಲ್ಲಿ ಶೇ. 45. ಮರುವರ್ಷ ಬಂದ ಇನ್ನೊಂದು ಅಧ್ಯಯನ 1,17,200 ನರ್ಸ್‌ಗಳನ್ನು 36 ವರ್ಷ ಹಿಂಬಾಲಿಸಿ, ಹೆಚ್ಚಿನ ಕ್ಯಾನ್ಸರ್‌ಗಳ ಮಟ್ಟಿಗೆ ಅಂಥ ಏರಿಕೆ ಇಲ್ಲ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮನೆಯಲ್ಲಿ ಹಚ್ಚುವವರ ಬಗ್ಗೆ ತೀರ್ಪು ಕೊಡುವಷ್ಟು ಆಧಾರವಿಲ್ಲ ಎನ್ನುತ್ತದೆ, ಸಲೂನಿನ ಕೆಲಸವನ್ನು ಮಾತ್ರ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಹಾಕಿದೆ. ನನ್ನ ಮಟ್ಟಿಗೆ ಈ ಭಯ ಸುಮ್ನೆ ದೊಡ್ಡದಾಗಿದೆ. ದಿನವಿಡೀ ಕೈಗವಸಿಲ್ಲದೆ ಡೈ ಕಲಸುವ ಹುಡುಗನ ಚಿಂತೆಯೇ ಜಾಸ್ತಿ. ಇನ್ನು, ಮಕ್ಕಳಿರುವ ಮನೆಯಲ್ಲಿ ಸ್ಯಾಶೆಯನ್ನು ಎತ್ತರದಲ್ಲಿಡಿ. ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರು ಕಟ್ಟಬಹುದು, ಕಿಡ್ನಿಯೂ ಕೈಕೊಡಬಹುದು.

ಈಗ ನಾನು ಬಳಸುವುದು ಮದರಂಗಿ, ಅದರ ಮೇಲೆ ನೀಲಿ ಸೊಪ್ಪಿನ (ಇಂಡಿಗೊ) ಪುಡಿ. ಕೊಳ್ಳುವಾಗ ಇಲ್ಲೂ ಹಿಂಬದಿ ಓದಬೇಕು. ಶುದ್ಧ ಮದರಂಗಿ ಕೊಡುವುದು ಕಿತ್ತಳೆ-ಕೆಂಪು ಬಣ್ಣ ಮಾತ್ರ. ‘ಕಪ್ಪು ಮೆಹಂದಿ’ ಅಂತ ಮಾರುವ ಅನೇಕ ಪುಡಿಗಳಲ್ಲಿ ಇರುವುದು ಅದೇ ಪಿಪಿಡಿ. ಮದರಂಗಿ-ನೀಲಿ ಹಚ್ಚುವುದಕ್ಕೆ ಭಾನುವಾರದ ಅರ್ಧ ದಿನ ಹೋಗುತ್ತದೆ, ಬಚ್ಚಲು ಗಲೀಜು, ಬಣ್ಣ ಅಚ್ಚಗಪ್ಪಲ್ಲ, ಕಂದುಗಪ್ಪು. ಮದುವೆಮನೆಗೆ ಹೋಗುವುದಿದ್ದರೆ ಎರಡು ದಿನ ಮೊದಲೇ ಹಚ್ಚಿಕೊಳ್ಳಿ, ಮೊದಲ ದಿನ ಬಿಳಿ ಕೂದಲಿಗೆ ಸ್ವಲ್ಪ ಹಸಿರು ಛಾಯೆ ಇರುತ್ತದೆ.