ಝಡ್ ಮಲಗಿದ್ದರೆ ಯಾವ ದಾರಿ?

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಡೆಯ ನಮ್ಮಂಥ ಸಣ್ಣ ವರ್ಕ್‌ಶಾಪ್‌ಗೆ ಪಾರ್ಟ್‌ನ ಕಂಪ್ಯೂಟರ್ ಮಾಡೆಲ್ ಹೊರಗಿನಿಂದ ಬರುತ್ತದೆ. ಸಿಎನ್‌ಸಿ ಮಷೀನಿಗೆ ಪ್ರೋಗ್ರಾಂ ಮಾಡುವ ಫ್ಯೂಷನ್ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಝಡ್ ಬಾಣ ಪಕ್ಕಕ್ಕೆ ಮಲಗಿರುತ್ತದೆ. ಬಿಡಿಸಿದವರು ವೈ ಮೇಲಕ್ಕೆ ಇಟ್ಟಿರುತ್ತಾರೆ, ಅಷ್ಟೇ. ನಮ್ಮ ವರ್ಟಿಕಲ್ ಮಷೀನಿಗೆ ಝಡ್ ಅಂದ್ರೆ ಟೂಲ್ ತಿರುಗಿಸುವ ಸ್ಪಿಂಡಲ್‌ನ ದಿಕ್ಕು. ಫ್ಯೂಷನ್‌ನ ಸೆಟಪ್‌ನಲ್ಲೇ ಸರಿ ಮಾಡಬೇಕು. ಇಲ್ಲಿ ಮೂರು ದಾರಿ ಹೇಳುತ್ತೇನೆ.

ಮೊದಲನೆಯದು, ‘ಮಾಡೆಲ್ ಓರಿಯಂಟೇಶನ್’, ಅಂದರೆ ಬಿಡಿಸಿದ ದಿಕ್ಕನ್ನೇ ಇಟ್ಟುಕೊಳ್ಳುವುದು. ಏನೂ ಒತ್ತಬೇಕಿಲ್ಲ. ನೀವೇ ಝಡ್ ಮೇಲಕ್ಕಿಟ್ಟು ಬಿಡಿಸಿದ ಜಾಬ್‌ಗೆ ಸಾಕು. ಬೇರೆಯವರ ಫೈಲ್‌ಗೆ ನಾನಂತೂ ನಂಬುವುದಿಲ್ಲ.

ಎರಡನೆಯದು, ಝಡ್‌ಗೆ ಒಂದು ಮುಖ, ಎಕ್ಸ್‌ಗೆ ಒಂದು ಅಂಚು ಆರಿಸುವುದು. ವೈ ತಾನಾಗಿ ಬರುತ್ತದೆ. ಬಾಣ ಉಲ್ಟಾ ಇದ್ದರೆ ಫ್ಲಿಪ್ ಒತ್ತಿ. ಜಾಬ್ ಹಿಡಿಯುವ ವೈಸಿನ ಅಲುಗಾಡದ ದವಡೆಗೆ (ಫಿಕ್ಸೆಡ್ ಜಾ) ಸಮಾನಾಂತರ ಕೂರುವ ಅಂಚನ್ನೇ ಎಕ್ಸ್‌ಗೆ ಹಿಡಿಯಿರಿ. ಒಮ್ಮೆ ನಾನು ಝಡ್ ಮಾತ್ರ ನೋಡಿ ಬಿಟ್ಟೆ. ಎಕ್ಸ್ 180 ಡಿಗ್ರಿ ತಿರುಗಿತ್ತು. ಚೌಕದ ಬ್ಲಾಕ್, ಕಣ್ಣಿಗೆ ಗೊತ್ತೇ ಆಗಲ್ಲ. ತೂತೆಲ್ಲ ಆ ಕಡೆ ಬಿತ್ತು! ಇನ್ನೊಂದು ತೊಂದರೆ: ಡಿಸೈನ್ ಬದಲಾಗಿ ಆ ಅಂಚು ಹೋದರೆ ಮತ್ತೆ ಆರಿಸಬೇಕು.

ಮೂರನೆಯದು, ಮಾಡೆಲ್‌ನಲ್ಲೇ ಒಂದು ಕೋಆರ್ಡಿನೇಟ್ ಸಿಸ್ಟಮ್ (ಸೊನ್ನೆ ಮತ್ತು ಎಕ್ಸ್, ವೈ, ಝಡ್ ದಿಕ್ಕು) ಕಟ್ಟಿ ಅದನ್ನೇ ಆರಿಸುವುದು. ಮೊದಲಿಗೆ ಕೆಲಸ ಜಾಸ್ತಿ. ಆದರೆ ಫಿಕ್ಸ್ಚರ್ (ಆ ಜಾಬ್‌ಗೇ ಮಾಡಿದ ಹಿಡಿಕೆ) ಇರುವ, ಪದೇ ಪದೇ ಬರುವ, ಎರಡು ಕಡೆ ಕಟ್ ಆಗುವ ಜಾಬ್‌ಗೆ ಇದೇ ಸರಿ.

ಒಂದೇ ಪೀಸ್, ಇವತ್ತೇ ಬೇಕು ಅಂದರೆ ಎರಡನೆಯದು. ಮುಂದಿನ ತಿಂಗಳೂ ಬರುವ ಆರ್ಡರ್ ಆದರೆ ಮೂರನೆಯದು. ಯಾವುದಾದರೂ ಸರಿ, ಮಷೀನಿನಲ್ಲಿ ಜಾಬ್‌ನ ಸೊನ್ನೆ (ಜಿ54) ಹಿಡಿಯುವ ಆಪರೇಟರ್‌ಗೆ ಸೊನ್ನೆ ಯಾವ ಮೂಲೆ, ಎಕ್ಸ್ ಯಾವ ಕಡೆ ಅಂತ ಸೆಟಪ್ ಶೀಟ್‌ನಲ್ಲಿ ಚಿತ್ರ ಹಾಕಿ ಕೊಡಿ.