ಚಳಿಗಾಲದ ನವೆಗೆ ಓಟ್ಸ್, ಲೋಳೆಸರ, ಕೊಬ್ಬರಿ ಎಣ್ಣೆ ಮತ್ತು ನನ್ನ ಮುರುಗಲ ತುಪ್ಪ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮುರುಗಲ ತುಪ್ಪಕ್ಕೆ, ಅಂದರೆ ಕೋಕಂ ಬೀಜದಿಂದ ತೆಗೆಯುವ ಗಟ್ಟಿ ಜಿಡ್ಡಿಗೆ. ಉಳಿದವುಗಳ ಬಗ್ಗೆಯೂ ನ್ಯಾಯವಾಗಿ ಬರೆಯಲು ನೋಡುತ್ತೇನೆ. ಆದರೆ ಪಕ್ಷಪಾತವೇ ಇಲ್ಲ ಅಂತ ನಾಟಕ ಮಾಡುವುದಿಲ್ಲ.

ನನ್ನ ತವರು ಸಿದ್ದಾಪುರದ ಕಡೆ, ಈಗ ಇರುವುದು ಧಾರವಾಡದ ಬಾಡಿಗೆ ಮನೆಯಲ್ಲಿ. ಊರಲ್ಲಿ ಚಳಿಗಾಲ ಅಂದರೆ ಹಿಮ್ಮಡಿ ಒಡೆಯುವುದು, ತುಟಿ ಸಿಡಿಯುವುದು, ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ದೀಪಾವಳಿ ಕಳೆದು ಒಣಗಾಳಿ ಬೀಸತೊಡಗಿತೋ, ಮೊಣಕಾಲಿನ ಕೆಳಗೆ ನವೆ ಹತ್ತುತ್ತದೆ. ಉಗುರಲ್ಲಿ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಹಗಲೆಲ್ಲ ಸುಮ್ಮನಿದ್ದದ್ದು, ರಾತ್ರಿ ಹೊದಿಕೆಯೊಳಗೆ ಕಾಲು ಬೆಚ್ಚಗಾದ ಕೂಡಲೇ ಶುರು. ಕೆರೆಯುವಾಗ ಹಿತ, ಆಮೇಲೆ ಉರಿ.

ಈ ಹೋಲಿಕೆಗೆ ಕೈ ಹಾಕಿದ್ದು ಒಂದು ದುಬಾರಿ ಡಬ್ಬಿಯ ದೆಸೆಯಿಂದ. ನೂರಕ್ಕೆ ನೂರು ನೈಸರ್ಗಿಕ ಅಂತ ಬರೆದುಕೊಂಡಿದ್ದ ಲೋಳೆಸರದ ಜೆಲ್ ಅನ್ನು ಆನ್‌ಲೈನಲ್ಲಿ ತರಿಸಿದ್ದೆ. ಕಂಪನಿಯ ಹೆಸರು ಬೇಡ. ಕಡುಹಸಿರು ಬಣ್ಣ, ಸೌತೆಕಾಯಿಯೂ ಅಲ್ಲದ ಮಲ್ಲಿಗೆಯೂ ಅಲ್ಲದ ವಾಸನೆ. ಹಚ್ಚಿದ ತಕ್ಷಣ ತಂಪಾಯಿತು. ಆರಿದ ಮೇಲೆ ಚರ್ಮ ಬಿಗಿದುಕೊಂಡು ಮೊದಲಿಗಿಂತ ಜಾಸ್ತಿ ನವೆ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಆಲ್ಕೋಹಾಲ್, ಸುಗಂಧ, ಬಣ್ಣ ಎಲ್ಲವೂ ಇತ್ತು. ಲೋಳೆಸರದ ಎಲೆ ಸೀಳಿದವರಿಗೆ ಗೊತ್ತು, ಒಳಗಿನ ತಿರುಳಿಗೆ ಹಸಿರು ಬಣ್ಣವೇ ಇರುವುದಿಲ್ಲ. ಡಬ್ಬಿಯನ್ನು ಬದಿಗಿಟ್ಟು, ಅಡುಗೆಮನೆಯಲ್ಲಿ ಮತ್ತು ಹಿತ್ತಿಲಲ್ಲಿ ಸಿಗುವುದನ್ನೇ ಒಂದೊಂದಾಗಿ ಹಚ್ಚಿ ನೋಡಿದೆ.

ಓಟ್ಸ್‌ನಿಂದ ಶುರು ಮಾಡುತ್ತೇನೆ, ಏಕೆಂದರೆ ಅತಿ ಹೆಚ್ಚು ತಲೆ ತಿಂದದ್ದು ಅದೇ. ಕಾಗದದ ಮೇಲೆ ನೋಡಿದರೆ ಗೆಲ್ಲಬೇಕಾದ್ದೂ ಅದೇ. ನಯವಾಗಿ ಪುಡಿ ಮಾಡಿದ ಓಟ್ಸನ್ನು ಚರ್ಮ ರಕ್ಷಕ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲೇ ಒಪ್ಪಿಕೊಂಡಿದೆ. ಅದರಲ್ಲಿ ಅವೆನಾಂಥ್ರಮೈಡ್ ಅನ್ನುವ ಅಂಶಗಳಿವೆ, ನವೆಯನ್ನೂ ಕೆಂಪನ್ನೂ ಇಳಿಸುವುದು ಅವು. ಜೊತೆಗಿರುವ ಪಿಷ್ಟ, ಬೀಟಾ ಗ್ಲೂಕನ್ ಅನ್ನುವ ನಾರು ಚರ್ಮದ ಮೇಲೆ ತೆಳುವಾದ ಪದರ ಕಟ್ಟಿ ನೀರು ಆರದಂತೆ ನೋಡಿಕೊಳ್ಳುತ್ತವೆ. ಹೇಳಿಕೊಟ್ಟವರೆಲ್ಲ ಹೇಳುವುದೂ ಒಂದೇ ಮಾತು: ಉಗುರುಬೆಚ್ಚಗಿನ ನೀರಿಗೆ ಪುಡಿ ಕದಡಿ ಅದರಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿ ಕೂತಿರಿ.

ಎಲ್ಲಿ ಕೂರುವುದು? ನಮ್ಮ ಬಚ್ಚಲಲ್ಲಿ ಇರುವುದು ಒಂದು ಬಕೆಟ್ಟು, ಒಂದು ಚೊಂಬು, ಒಂದು ಮಣೆ. ಟಬ್ಬಿಗಾಗಿ ಹುಟ್ಟಿದ ಉಪಾಯವನ್ನು ಬಕೆಟ್ಟಿಗೆ ಇಳಿಸಿದರೆ ಏನಾಗುತ್ತದೆ ಅಂತ ಯಾರೂ ಬರೆಯುವುದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಚೊಂಬಿನಲ್ಲಿ ಮೊಗೆದು ಸುರಿದುಕೊಂಡರೆ ಓಟ್ಸ್ ನೀರು ಕಾಲಿನ ಮೇಲೆ ಇರುವುದು ಒಂದೆರಡು ಕ್ಷಣ. ಉಳಿದದ್ದೆಲ್ಲ ಮೋರಿಗೆ. ಮಿಕ್ಸಿಯಲ್ಲಿ ಎಷ್ಟು ಬೀಸಿದರೂ ತಳದಲ್ಲಿ ತರಿ ಉಳಿಯುತ್ತದೆ. ಆ ತರಿ ಬಿಸಿನೀರಿಗೆ ಉಬ್ಬಿ ಲೋಳೆಯಾಗಿ ಮೋರಿಯ ಜಾಲರಿಗೆ ಮೆತ್ತಿಕೊಂಡಿತು. ನೀರು ನಿಂತಿತು. ನೆಲ ಜಾರತೊಡಗಿತು. ಕೆಳಗಿನ ಮನೆಯ ಕಾಕೂ, ಮನೆಯ ಯಜಮಾನಿ, ಪೈಪು ಕಟ್ಟಿಕೊಂಡಿದ್ದು ನೋಡಲು ಮೇಲೆ ಬಂದವರು ಬಾಗಿಲಲ್ಲೇ ನಿಂತು, "ಏನವಾ ಇದು, ಬಚ್ಚಲದಾಗ ಅಂಬಲಿ ಕಾಸೀಯೇನ?" ಅಂದರು. ಕಾಣುತ್ತಿದ್ದದ್ದೂ ಹಾಗೇ.

ಪರಿಹಾರ ಇಲ್ಲ ಅಂತಲ್ಲ. ಹಳೇ ಪಂಚೆಯ ತುಂಡಿನಲ್ಲಿ ಪುಡಿಯನ್ನು ಗಂಟು ಕಟ್ಟಿ ಬಕೆಟ್ಟಿನಲ್ಲಿ ನೆನೆಸಿ ಹಿಂಡಿದರೆ ಹಾಲಿನಂಥ ನೀರು ಬರುತ್ತದೆ, ತರಿ ಗಂಟಿನಲ್ಲೇ ಉಳಿಯುತ್ತದೆ. ಆ ಗಂಟನ್ನೇ ಒತ್ತುತ್ತಾ ಕಾಲಿಗೆ ಸವರಿಕೊಳ್ಳಬಹುದು. ಪುಡಿ ಸಾಕಷ್ಟು ನಯವಾಗಿದೆಯೋ ಇಲ್ಲವೋ ನೋಡಲು ಒಂದು ಚಮಚವನ್ನು ಲೋಟದ ನೀರಿಗೆ ಹಾಕಿ ಕದಡಿ: ನೀರು ಬೆಳ್ಳಗಾಗಿ ಹಾಗೇ ನಿಂತರೆ ಸರಿ, ಪುಡಿ ತಳ ಸೇರಿದರೆ ಇನ್ನೊಮ್ಮೆ ಬೀಸಬೇಕು. (ಮಸಾಲೆ ಓಟ್ಸ್ ಬೇಡ ಅಂತ ಬರೆಯುವ ಅಗತ್ಯವಿಲ್ಲ ಅಂದುಕೊಂಡಿದ್ದೆ. ನನ್ನ ಓರಗಿತ್ತಿ ಕೇಳಿದ ಮೇಲೆ ಬರೆಯುತ್ತಿದ್ದೇನೆ.) ಈ ಗಂಟಿನ ಉಪಾಯದಿಂದ ನಿಜಕ್ಕೂ ನವೆ ತಗ್ಗುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಜನವರಿಯ ಬೆಳಿಗ್ಗೆ ಎಂಟು ಗಂಟೆಯ ಬಸ್ಸು ಹಿಡಿಯಬೇಕಾದವಳು ಒದ್ದೆ ಮೈಯಲ್ಲಿ ಮಣೆಯ ಮೇಲೆ ಕೂತು ಗಂಟು ಒತ್ತುತ್ತಾ ಇರಲು ಆಗುವುದಿಲ್ಲ. ಸ್ನಾನ ಮುಗಿದ ಮೇಲೆ ಜಾಲರಿ ತೊಳೆಯುವ ಕೆಲಸ ಬೇರೆ. ಮನೆಯಲ್ಲಿ ಟಬ್ ಇದ್ದವರಿಗೆ, ಅಥವಾ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಬಹುದಾದ ಮಗುವಿಗೆ, ಓಟ್ಸ್ ಚೆನ್ನ. ನನಗೆ ಅದು ಭಾನುವಾರದ ಮದ್ದು.

ಲೋಳೆಸರ. ಡಬ್ಬಿಯದ್ದಲ್ಲ, ಕುಂಡದ್ದು. ಎಲೆಯನ್ನು ಬುಡದಲ್ಲಿ ಕೊಯ್ದು ಕೂಡಲೇ ಹಚ್ಚಿಕೊಳ್ಳಬಾರದು. ಸಿಪ್ಪೆಯ ಕೆಳಗಿಂದ ಹಳದಿ ರಸ ಒಸರುತ್ತದೆ. ಕಹಿ ಇರುವುದು ಅದರಲ್ಲೇ, ಕೆಲವರ ಚರ್ಮಕ್ಕೆ ತುರಿಕೆ ತರುವುದೂ ಅದೇ. ಎಲೆಯನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಹಳದಿಯೆಲ್ಲ ಇಳಿಯಲು ಬಿಟ್ಟು, ತೊಳೆದು, ಸಿಪ್ಪೆ ಹೆರೆದು ತಿರುಳನ್ನಷ್ಟೇ ತೆಗೆದುಕೊಳ್ಳಬೇಕು. ಬಿಸಿಲಿಗೆ ಸುಟ್ಟ ಕುತ್ತಿಗೆಗೆ, ಸೊಳ್ಳೆ ಕಚ್ಚಿದ ಜಾಗಕ್ಕೆ ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಫ್ರಿಜ್ಜಿನಲ್ಲಿಟ್ಟು ಹಚ್ಚಿದರೆ ಇನ್ನೂ ಚೆನ್ನ, ತಂಪು ತಾಗಿದಾಗ ನವೆ ತಾನಾಗಿ ಅಡಗುತ್ತದೆ. ಆದರೆ ಆ ತಿರುಳು ಬಹುಪಾಲು ನೀರೇ. ಒಣಗಿದ ಚರ್ಮದ ಮೇಲೆ ನೀರು ಸವರಿ ಗಾಳಿಗೆ ಬಿಟ್ಟರೆ ಅದು ಆರಿಹೋಗುತ್ತದೆ, ಹಿಡಿದಿಡಲು ಮೇಲೊಂದು ಜಿಡ್ಡು ಬೇಕೇ ಬೇಕು. ಜಿಡ್ಡು ಹೇಗೂ ಹಚ್ಚಬೇಕಾದರೆ ಲೋಳೆಸರ ಯಾಕೆ?

ಬೇವಿನ ಸೊಪ್ಪು ಕುದಿಸಿದ ನೀರು: ಮೈಮೇಲೆ ಅಮ್ಮ (ಸೀತಾಳೆ ಸಿಡುಬು) ಎದ್ದು ಹೋದ ಮೇಲೆ ಮಕ್ಕಳಿಗೆ ಮೀಯಿಸುವ ನೀರು ಅಂತ ಗೌರವ ಇದೆ. ಒಣ ಚರ್ಮವನ್ನು ಅದು ಇನ್ನಷ್ಟು ಒಣಗಿಸಿತು, ನನ್ನ ಮಟ್ಟಿಗೆ. ಅರಿಶಿನ: ಹಾಸಿಗೆ ಹಾಳು. ಅಡುಗೆ ಸೋಡಾ: ಬೇಡವೇ ಬೇಡ. ಚರ್ಮದ ಮೇಲ್ಪದರ ಸಹಜವಾಗಿ ಹುಳಿಯ ಕಡೆಗಿರುತ್ತದೆ, ಪಿಎಚ್ (ಹುಳಿ, ಕ್ಷಾರದ ಅಳತೆ; 7 ಅಂದರೆ ಎರಡೂ ಅಲ್ಲ, ಮೇಲಿದ್ದರೆ ಕ್ಷಾರ) ಸುಮಾರು 5. ಸೋಡಾ ನೀರು 8 ದಾಟುತ್ತದೆ. ಆಲಿವ್ ಎಣ್ಣೆ ತುಟ್ಟಿ, ಮೇಲಾಗಿ ಒಣ ಚರ್ಮದ ಮೇಲ್ಪದರವನ್ನು ಅದು ಸಡಿಲಗೊಳಿಸುತ್ತದೆ ಅಂತ ಪರೀಕ್ಷೆಗಳೇ ತೋರಿಸಿವೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚುವ ರೂಢಿ ಬಹಳ ಮನೆಗಳಲ್ಲಿದೆ, ತಂಪೆನಿಸುವುದೂ ನಿಜ. ಆದರೆ ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕೂಸಿರುವ ಮನೆಯಲ್ಲಿ ಆ ಬಾಟಲಿ ಇರಲೇಬಾರದು.

ಪಿತ್ತದ ಗಂಧೆ ಬೇರೆಯದೇ ಕಥೆ, ಇದರ ಜೊತೆ ಕಲಸಬೇಡಿ. ಮೈಮೇಲೆ ದದ್ದು ದದ್ದಾಗಿ ಏಳುತ್ತದೆ, ತಾಸುಗಳಲ್ಲಿ ಇಳಿದು ಇನ್ನೊಂದು ಕಡೆ ಏಳುತ್ತದೆ. ಅದಕ್ಕೆ ನಮ್ಮ ಕಡೆ ದೊಡ್ಡಪತ್ರೆ ಎಲೆ ಉಜ್ಜುತ್ತಾರೆ, ಮುರುಗಲ ಹಣ್ಣಿನ ಪಾನಕ ಕುಡಿಸುತ್ತಾರೆ, ಕಂಬಳಿಯಿಂದ ಮೈ ತಿಕ್ಕುವವರೂ ಇದ್ದಾರೆ. ಪಾನಕ ರುಚಿಗಾದರೂ ಕುಡಿಯಬಹುದು, ಕಂಬಳಿ ಮಾತ್ರ ಬೇಡ, ತಿಕ್ಕಿದಷ್ಟೂ ದದ್ದು ಏಳುತ್ತದೆ. ತಣ್ಣೀರ ಬಟ್ಟೆ ಸಾಕು. ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ಎಲೆ ಹುಡುಕುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು.

ಈಗ ನಿಜವಾದ ಎದುರಾಳಿ, ಕೊಬ್ಬರಿ ಎಣ್ಣೆ. ಗಾಣದ್ದು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಸುವಾಸನೆ ಬೆರೆಸದ ಯಾವುದಾದರೂ ಸರಿ. 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್ ವೈದ್ಯರ ಪರೀಕ್ಷೆಯಲ್ಲಿ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆಯೂ ಮಿನರಲ್ ಆಯಿಲ್ಲೂ ಸರಿಸಮ ಅಂತ ಕಂಡುಬಂತು. ಅಂದರೆ ಅಜ್ಜಿ ಹೇಳಿದ್ದೂ ಸರಿ, ಔಷಧದಂಗಡಿಯವನು ಕೊಟ್ಟದ್ದೂ ಸರಿ. ಇದರ ಮೇಲೆ ನನ್ನ ತಕರಾರು ಎರಡೇ. ಒಂದು, ಬೇಕಾದಾಗಲೇ ಅದು ಕೈಗೆ ಬರುವುದಿಲ್ಲ. 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವ ಎಣ್ಣೆಯನ್ನು ಸಣ್ಣ ಬಾಯಿಯ ಬಾಟಲಿಯಲ್ಲಿ ತುಂಬಿ ಮಾರುವುದು ಯಾವ ನ್ಯಾಯವೋ ತಿಳಿಯದು. ಮುಂಜಾನೆ ಬಾಟಲಿಯೊಳಗೆ ಸೌಟಿನ ಹಿಡಿ ತೂರಿಸಿ ಕೆರೆಯುವವಳ ಸಿಟ್ಟು ಧಾರವಾಡದವರಿಗೆ ಅರ್ಥವಾದೀತು. ಅಗಲ ಬಾಯಿಯ ಗಾಜಿನ ಶೀಷೆಗೆ ಸುರಿದಿಟ್ಟರೆ ಈ ತಾಪತ್ರಯ ಇಲ್ಲ. ಎರಡನೆಯದು, ಮೈಗೆ ತಾಗಿದ ಕೂಡಲೇ ಅದು ನೀರಾಗಿ ಹರಿದು ಲಂಗಕ್ಕೋ ಹಾಸಿಗೆಗೋ ಹತ್ತುತ್ತದೆ. ಮಧ್ಯರಾತ್ರಿ ಹೊತ್ತಿಗೆ ಕಾಲಿನ ಮೇಲೆ ಏನೂ ಉಳಿದಿರುವುದಿಲ್ಲ, ನವೆ ಮತ್ತೆ ಎಬ್ಬಿಸುತ್ತದೆ.

ಮುರುಗಲ ತುಪ್ಪ ಗೆಲ್ಲುವುದು ಇಲ್ಲಿಯೇ. ಗೊತ್ತಿಲ್ಲದವರಿಗೆ: ಮುರುಗಲ ಅಂದರೆ ಕೋಕಂ, ದಕ್ಷಿಣ ಕನ್ನಡದವರ ಪುನರ್ಪುಳಿ. ಮಳೆಗಾಲಕ್ಕೆ ಮುಂಚೆ ಹಣ್ಣಾಗುತ್ತದೆ. ಸಿಪ್ಪೆ ಸಾರಿಗೆ, ಪಾನಕಕ್ಕೆ. ಬೀಜವನ್ನು ತೊಳೆದು ಒಣಗಿಸಿ, ಒಡೆದು, ಕುಟ್ಟಿ ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಿಸಿದರೆ ಗಟ್ಟಿಯಾಗುತ್ತದೆ, ಕೈಯಲ್ಲಿ ಉಂಡೆ ಕಟ್ಟಿ ಇಡುತ್ತಾರೆ. ಮಾಸಲು ಬಿಳಿ, ಉಗುರಿಗೆ ಜಗ್ಗದಷ್ಟು ಗಡಸು. ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕರಗಲು ಸುಮಾರು 40 ಡಿಗ್ರಿ ಬೇಕು, ಅಂದರೆ ಮೈಯ ಬಿಸಿಗಿಂತ ತುಸು ಮೇಲೆ. ಹಾಗಾಗಿ ಹಚ್ಚಿದ ಮೇಲೆ ಎಣ್ಣೆಯ ಹಾಗೆ ಹರಿದುಹೋಗದೆ ಚರ್ಮದ ಮೇಲೆ ತೆಳ್ಳಗೆ ಕೂತಿರುತ್ತದೆ. ಊರಲ್ಲಿ ಇದನ್ನು ಒಡೆದ ಹಿಮ್ಮಡಿಗೆ ಮಾತ್ರ ಬಳಸುತ್ತಿದ್ದರು. ಆಯಿ ಉಂಡೆಯನ್ನು ದೀಪದ ಮೇಲೆ ಹಿಡಿದು, ಕರಗಿದ ಹನಿಯನ್ನು ಬಿರುಕಿಗೆ ನೇರ ಇಳಿಸುತ್ತಿದ್ದಳು.

ಇಡೀ ಕಾಲಿಗೆ ಹಚ್ಚಲು ಆ ಗಡಸುತನವೇ ಅಡ್ಡಿ. ಅದಕ್ಕೆ ನಾನು ಮಾಡುವುದು ಇಷ್ಟು: ಒಂದು ಪಾಲು ಮುರುಗಲ ತುಪ್ಪ ಹೆರೆದು, ನಾಲ್ಕು ಪಾಲು ಕೊಬ್ಬರಿ ಎಣ್ಣೆಯ ಜೊತೆ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಡಬ್ಬಿಗೆ ಸುರಿಯುತ್ತೇನೆ. ಆರಿದಾಗ ಮುಲಾಮಿನ ಹದಕ್ಕೆ ಬರುತ್ತದೆ. ಕಡುಚಳಿಯಲ್ಲಿ ಗಟ್ಟಿ ಅನ್ನಿಸಿದರೆ ಎಣ್ಣೆ ಇನ್ನೊಂದು ಪಾಲು. ಬೆರಳ ತುದಿಯಲ್ಲಿ ಕಡಲೆಯಷ್ಟು ತೆಗೆದು ಅಂಗೈಯಲ್ಲಿ ತಿಕ್ಕಿದರೆ ಒಂದು ಮೀನಖಂಡಕ್ಕೆ ಸಾಕು. ರಾತ್ರಿ ಹಚ್ಚಿದ್ದು ಬೆಳಿಗ್ಗೆ ಸವರಿದರೆ ಇನ್ನೂ ಕೈಗೆ ತಾಗುತ್ತದೆ.

ಯಾವುದನ್ನೇ ಹಚ್ಚಿ, ಹಚ್ಚುವ ಹೊತ್ತು ಮುಖ್ಯ. ಎಣ್ಣೆ ಹಚ್ಚಿಕೊಂಡು ಹಂಡೆಯ ಕುದಿನೀರು ಸುರಿದು ಸೀಗೆಪುಡಿಯಲ್ಲಿ ತಿಕ್ಕುವ ಅಭ್ಯಂಜನ ಹಬ್ಬಕ್ಕೆ ಚೆಂದ, ನವೆಗೆ ಅಲ್ಲ. ಹಚ್ಚಿದ್ದೆಲ್ಲ ಸೀಗೆಯೇ ತೆಗೆದುಕೊಂಡು ಹೋಗುತ್ತದೆ. ಬೆಚ್ಚಗಿನ ನೀರಲ್ಲಿ ಬೇಗ ಮಿಂದು, ಕಾಲಿಗೆ ಸೋಪು ತಾಗಿಸದೆ (ಸೋಪಿನ ಪಿಎಚ್ 9, 10ರ ಆಸುಪಾಸು), ಟವೆಲಿನಲ್ಲಿ ಒತ್ತಿ, ಚರ್ಮ ಇನ್ನೂ ಪಸೆ ಪಸೆಯಾಗಿರುವಾಗಲೇ ಹಚ್ಚಬೇಕು. ಮುರುಗಲ ತುಪ್ಪವನ್ನೂ ಒಣಗಿದ ಕಾಲಿಗೆ ಹಚ್ಚಿದಾಗ ಅರ್ಧ ಗುಣವೂ ಕಾಣಲಿಲ್ಲ.

ಇಷ್ಟು ಹೊಗಳಿದ್ದು ಒಣ ಚರ್ಮದ ನವೆಗೆ ಮಾತ್ರ. ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ರಾತ್ರಿ ಮನೆಮಂದಿಯೆಲ್ಲ ಕೆರೆಯುತ್ತಿದ್ದರೆ ಅದು ಕಜ್ಜಿ, ಒಳಗೆ ಹುಳು ಇದೆ, ಎಲ್ಲರೂ ಒಟ್ಟಿಗೆ ಔಷಧ ಹಚ್ಚದೆ ಹೋಗುವುದಿಲ್ಲ. ಉಂಗುರದಂತೆ ಹರಡುವ ಹುಳುಕಡ್ಡಿಗೆ ಎಣ್ಣೆಯೂ ಬೇಡ, ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮೂ ಬೇಡ. ಎರಡು ದಿನ ಇಳಿದಂತೆ ಕಂಡು ಆಮೇಲೆ ಮೈತುಂಬ ಹಬ್ಬುತ್ತದೆ. ಚರ್ಮದ ಮೇಲೆ ಏನೂ ಕಾಣದೆ ವಾರಗಟ್ಟಲೆ ಮೈಯೆಲ್ಲ ತುರಿಸಿದರೆ ಸಕ್ಕರೆ, ಥೈರಾಯ್ಡ್, ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಮುರುಗಲ ತುಪ್ಪ ನನಗೆ ಅಗ್ಗ, ಏಕೆಂದರೆ ತವರಿಂದ ಬರುತ್ತದೆ. ಅಂಗಡಿಯಲ್ಲಿ ಕೋಕಂ ಬಟರ್ ಅಂತ ಕೊಳ್ಳುವುದಾದರೆ ಕೊಬ್ಬರಿ ಎಣ್ಣೆಗಿಂತ ಹೆಚ್ಚೇ ಬೀಳುತ್ತದೆ, ಆದರೆ ಒಂದು ಪಾಲಿಗೆ ನಾಲ್ಕು ಪಾಲು ಎಣ್ಣೆ ಸೇರಿಸುವುದರಿಂದ ಒಂದು ಉಂಡೆ ಚಳಿಗಾಲ ದಾಟಿಸುತ್ತದೆ. ಉತ್ತರ ಕನ್ನಡದಲ್ಲಿ ನೆಂಟರಿಲ್ಲದವರು, ಹುಡುಕುವ ತಾಳ್ಮೆ ಇಲ್ಲದವರು ಬರೀ ಕೊಬ್ಬರಿ ಎಣ್ಣೆಯನ್ನೇ ಒದ್ದೆ ಕಾಲಿಗೆ ಹಚ್ಚಿ ಹಳೇ ಹತ್ತಿಯ ಪೈಜಾಮ ತೊಟ್ಟು ಮಲಗಿ. ಪೆಟ್ರೋಲಿಯಂ ಜೆಲ್ಲಿಯೂ ಇದೇ ಕೆಲಸ ಮಾಡುತ್ತದೆ, ನಮ್ಮ ಯಜಮಾನರು ಹಚ್ಚುವುದು ಅದನ್ನೇ. ಅಂಟಂಟು ನನಗಾಗದು, ಅಷ್ಟೇ.

ಶಿವರಾತ್ರಿ ಕಳೆದು ಬೆವರು ಶುರುವಾದ ಮೇಲೆ ನನ್ನ ಡಬ್ಬಿಗೂ ರಜೆ. ಬೆವರುಸಾಲೆಯ ಮೇಲೆ ಇಂಥ ಜಿಡ್ಡು ಹಚ್ಚಿದರೆ ಬೆವರಿನ ರಂಧ್ರ ಇನ್ನಷ್ಟು ಕಟ್ಟಿಕೊಂಡು ಕೆರೆತ ಹೆಚ್ಚುತ್ತದೆ. ಆಗ ತಣ್ಣೀರು, ತೆಳು ಹತ್ತಿಬಟ್ಟೆ, ಬೇಕೆನಿಸಿದರೆ ಕುಂಡದ ಲೋಳೆಸರ.